ಸ್ತರಭಂಗದಿಂದ ಮನೆ ಎಷ್ಟು ದೂರವಿರಬೇಕು? ನರಗುಂದದ ನೆಲ ಎತ್ತುವ ಪ್ರಶ್ನೆಗಳು

ಗದಗ ಜಿಲ್ಲೆಯ ನರಗುಂದ ಪಟ್ಟಣದಲ್ಲಿ 2019 ಮತ್ತು ನಂತರದ ವರ್ಷಗಳಲ್ಲಿ ಹಳೆಯ ಓಣಿಗಳ ನೆಲ ಇದ್ದಕ್ಕಿದ್ದಂತೆ ಕುಸಿದು, ಮನೆಯೊಳಗೇ ಗುಂಡಿಗಳು ಬಾಯ್ದೆರೆದ ಘಟನೆಗಳು ಪದೇ ಪದೇ ವರದಿಯಾದವು. ಅದೇ ಅವಧಿಯಲ್ಲಿ, 2021ರಲ್ಲಿ, ವಿಜಯಪುರ ಹಾಗೂ ಕಲಬುರಗಿ ಜಿಲ್ಲೆಗಳಲ್ಲಿ ಲಘು ಭೂಕಂಪನಗಳು ಜನರನ್ನು ಮನೆಯಿಂದ ಹೊರಗೆ ಓಡಿಸಿದವು. ನೆಲ ನಡುಗುವುದು ಮತ್ತು ನೆಲ ಕುಸಿಯುವುದು ಬೇರೆ ಬೇರೆ ಸಂಗತಿಗಳಾದರೂ ಮನೆ ಕಟ್ಟುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಅಪಾಯದ ಗೆರೆ ಎಲ್ಲಿದೆ, ಅದರಿಂದ ಎಷ್ಟು ದೂರದಲ್ಲಿ ಪಾಯ ತೋಡಿದರೆ ಕ್ಷೇಮ?

ಈ ದೂರವನ್ನು ನಿರ್ಧರಿಸಲು ಭೂವಿಜ್ಞಾನದಲ್ಲಿ ನಿಶ್ಚಿತವಾದ ಕ್ರಮವಿದೆ. ಆ ಕ್ರಮವೇನು, ಬೇರೆ ದೇಶಗಳು ಅದನ್ನು ನಿಯಮವಾಗಿಸಿಕೊಂಡ ಬಗೆ ಹೇಗೆ, ಕರ್ನಾಟಕಕ್ಕೆ ಅದು ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ, ನರಗುಂದದಂತಹ ಊರಿನಲ್ಲಿ ಅದರಿಂದ ಏನನ್ನು ಕಲಿಯಬಹುದು ಎಂಬುದರ ವಿವರ ಇಲ್ಲಿದೆ.

ಸಕ್ರಿಯ ಸ್ತರಭಂಗ ಎಂದರೇನು?

ಭೂಮಿಯ ಹೊರಪದರದ ಬಂಡೆಗಳು ಒಡೆದು, ಒಡೆದ ಎರಡು ಭಾಗಗಳು ಒಂದರ ಪಕ್ಕದಲ್ಲಿ ಇನ್ನೊಂದು ಸರಿದಿದ್ದರೆ ಆ ಒಡಕನ್ನು ಸ್ತರಭಂಗ ಎನ್ನುತ್ತಾರೆ. ಬರೀ ಬಿರುಕು ಸ್ತರಭಂಗವಾಗದು, ಸರಿದಿರಬೇಕು. ಕರ್ನಾಟಕದ ಬಂಡೆಗಳು ಅತಿ ಪ್ರಾಚೀನವಾದವು. ಅವುಗಳಲ್ಲಿ ಸ್ತರಭಂಗಗಳು ಸಾವಿರಾರು ಇವೆ. ಗದಗದಿಂದ ಚಿತ್ರದುರ್ಗದ ಮೂಲಕ ಮಂಡ್ಯದ ಕಡೆಗೆ ಹಾಯುವ ಕತ್ತರಿ ವಲಯವು ಭೂವಿಜ್ಞಾನಿಗಳಿಗೆ ಬಹುಕಾಲದಿಂದ ಪರಿಚಿತ. ಆದರೆ ಅದರ ಮುಖ್ಯ ಚಲನೆ ನಡೆದದ್ದು ಇನ್ನೂರು ಕೋಟಿ ವರ್ಷಗಳಿಗೂ ಹಿಂದೆ. ನಕ್ಷೆಯಲ್ಲಿ ಗೆರೆ ಕಂಡ ಮಾತ್ರಕ್ಕೆ ಗಾಬರಿ ಬೀಳಬೇಕಾಗಿಲ್ಲ ಎನ್ನುವುದಕ್ಕೆ ಇದೇ ಕಾರಣ.

ಇತ್ತೀಚಿನ ಭೂವೈಜ್ಞಾನಿಕ ಕಾಲದಲ್ಲಿ ಸರಿದಿರುವ, ಮುಂದೆಯೂ ಸರಿಯಬಹುದಾದ ಸ್ತರಭಂಗ ಮಾತ್ರ ‘ಸಕ್ರಿಯ’. ‘ಇತ್ತೀಚಿನ’ ಎಂಬುದರ ಅಳತೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಕಳೆದ ಸುಮಾರು 11,700 ವರ್ಷಗಳಲ್ಲಿ ಸರಿದದ್ದನ್ನು ಸಕ್ರಿಯವೆಂದು ಎಣಿಸುತ್ತದೆ. ನ್ಯೂಜಿಲೆಂಡ್ 1,25,000 ವರ್ಷಗಳವರೆಗೂ ಹಿಂದಕ್ಕೆ ನೋಡುತ್ತದೆ.

ಅಪಾಯದಲ್ಲಿ ಎರಡು ಬಗೆ

ಭೂಕಂಪದಿಂದ ಕಟ್ಟಡಕ್ಕೆ ಒದಗುವ ಅಪಾಯವನ್ನು ಎರಡಾಗಿ ವಿಂಗಡಿಸುವುದು ಅಗತ್ಯ. ಮೊದಲನೆಯದು ನೆಲ ಸೀಳುವುದು. ಸ್ತರಭಂಗ ಭೂಮಿಯ ಮೇಲ್ಮೈವರೆಗೆ ಒಡೆದು ಬಂದು, ಗೆರೆಯ ಎರಡೂ ಬದಿಯ ನೆಲ ಅಡಿಗಟ್ಟಲೆ, ಕೆಲವೊಮ್ಮೆ ಮೀಟರುಗಟ್ಟಲೆ ಸರಿಯುತ್ತದೆ. ಆ ಗೆರೆಯ ಮೇಲೆ ನಿಂತ ಕಟ್ಟಡ ಎಷ್ಟೇ ಗಟ್ಟಿಯಾಗಿದ್ದರೂ ಸೀಳಿಹೋಗುವ ಸಂಭವವೇ ಹೆಚ್ಚು. 1999ರ ಸೆಪ್ಟೆಂಬರ್ 21ರ ತೈವಾನ್ ಭೂಕಂಪದಲ್ಲಿ ಚೆಲುಂಗ್ಪು ಸ್ತರಭಂಗವು ಸುಮಾರು 100 ಕಿ.ಮೀ. ಉದ್ದಕ್ಕೆ ನೆಲವನ್ನು ಸೀಳಿತು. 2023ರ ಫೆಬ್ರುವರಿ 6ರಂದು ಟರ್ಕಿಯಲ್ಲಿ ಈ ಸೀಳು 300 ಕಿ.ಮೀ.ಗೂ ಉದ್ದವಾಗಿತ್ತು.

ಎರಡನೆಯದು ನೆಲ ನಡುಗುವುದು. ಇದು ಗೆರೆಯ ಬಳಿ ನಿಲ್ಲದೆ ಹತ್ತಾರು, ನೂರಾರು ಕಿ.ಮೀ.ವರೆಗೆ ಹಬ್ಬುತ್ತದೆ. ಮೊದಲ ಅಪಾಯಕ್ಕೆ ದೂರವೇ ಮದ್ದು. ಎರಡನೆಯದಕ್ಕೆ ದೂರ ಸಾಲದು. ಕಟ್ಟಡದ ಗಟ್ಟಿತನ ಬೇಕು. ‘ಸುರಕ್ಷಿತ ಅಂತರ’ ಎಂಬ ಮಾತು ಮೊದಲ ಬಗೆಗೆ ಮಾತ್ರ ಸಲ್ಲುತ್ತದೆ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ದೂರವನ್ನು ನಿರ್ಧರಿಸುವ ಕ್ರಮ

ಮೊದಲ ಹಂತದಲ್ಲಿ ಉಪಗ್ರಹ ಚಿತ್ರ ಮತ್ತು ವೈಮಾನಿಕ ಸಮೀಕ್ಷೆಯ ನೆರವಿನಿಂದ ನೆಲದ ಮೇಲಿನ ಕುರುಹುಗಳನ್ನು ಹುಡುಕುತ್ತಾರೆ. ನೇರವಾದ ದಿಬ್ಬ, ಒಮ್ಮೆಲೇ ಪಕ್ಕಕ್ಕೆ ತಿರುಗಿದ ಹಳ್ಳ, ಸಾಲಾಗಿ ಕಾಣುವ ಒರತೆಗಳು ಇಂತಹ ಕುರುಹುಗಳು. ನಂತರ ಭೂವಿಜ್ಞಾನಿಗಳು ಸ್ಥಳಕ್ಕೆ ತೆರಳಿ ಅವನ್ನು ಪರೀಕ್ಷಿಸುತ್ತಾರೆ.

ಎರಡನೆಯ ಹಂತ ಕಂದಕ ತೋಡುವುದು. ಶಂಕಿತ ಗೆರೆಗೆ ಅಡ್ಡವಾಗಿ ಕಂದಕ ತೆಗೆದು, ಅದರ ಗೋಡೆಯಲ್ಲಿ ಕಾಣುವ ಮಣ್ಣಿನ ಪದರಗಳನ್ನು ಒಂದೊಂದಾಗಿ ಗುರುತು ಹಾಕಿಕೊಳ್ಳುತ್ತಾರೆ. ಯಾವ ಪದರ ಕತ್ತರಿಸಿದೆ, ಯಾವ ಪದರ ಅಖಂಡವಾಗಿದೆ ಎಂಬುದರಿಂದ ಕೊನೆಯ ಚಲನೆಯ ಕಾಲ ತಿಳಿಯುತ್ತದೆ. ಪದರದಲ್ಲಿ ಇದ್ದಿಲು ಸಿಕ್ಕರೆ ಇಂಗಾಲ-14 ವಿಧಾನದಿಂದಲೂ, ಮರಳಿದ್ದರೆ ಅದು ಕೊನೆಯದಾಗಿ ಬಿಸಿಲು ಕಂಡ ಕಾಲವನ್ನು ತಿಳಿಸುವ ಪ್ರದೀಪ್ತಿ ವಿಧಾನದಿಂದಲೂ ವಯಸ್ಸನ್ನು ಲೆಕ್ಕ ಹಾಕುತ್ತಾರೆ.

ಮೂರನೆಯ ಹಂತದಲ್ಲಿ ಒಡೆದ ವಲಯದ ಅಗಲವನ್ನು ಅಳೆಯಬೇಕು. ಸ್ತರಭಂಗ ನಕ್ಷೆಯಲ್ಲಿ ಒಂದೇ ಗೆರೆಯಾಗಿ ಕಂಡರೂ ನೆಲದಲ್ಲಿ ಹಲವು ಕವಲುಗಳಾಗಿ ಒಡೆದಿರುತ್ತದೆ. ಆದ್ದರಿಂದ ಅಂತರವನ್ನು ನಕ್ಷೆಯ ಗೆರೆಯಿಂದ ಅಳೆಯದೆ, ಒಡೆದ ವಲಯದ ಅಂಚಿನಿಂದ ಅಳೆಯಬೇಕು. ನಕ್ಷೆಯ ಪ್ರಮಾಣ ಚಿಕ್ಕದಿದ್ದಷ್ಟೂ ಗೆರೆಯ ಸ್ಥಾನ ಅನಿಶ್ಚಿತ. ಆ ಅನಿಶ್ಚಿತತೆಯನ್ನೂ ಅಂತರಕ್ಕೆ ಕೂಡಿಸಬೇಕು.

ಕೊನೆಯ ಹಂತ ಲೆಕ್ಕಾಚಾರ. ಅಮೆರಿಕದ ಯೂಟಾ ರಾಜ್ಯದ ಭೂವಿಜ್ಞಾನಿಗಳು ರೂಪಿಸಿದ ಸೂತ್ರವೊಂದು ಇದಕ್ಕೆ ಉತ್ತಮ ಉದಾಹರಣೆ. ನೆಲ ಕೆಳಗೆ ಜಾರುವ ಬದಿಯಲ್ಲಿ, ನಿರೀಕ್ಷಿತ ಸರಿತದ ಎರಡು ಪಟ್ಟಿಗೆ, ಪಾಯದ ಆಳವನ್ನು ಸ್ತರಭಂಗದ ಓರೆಯ ಕೋನದ ಸ್ಪರ್ಶಕದಿಂದ ಭಾಗಿಸಿ ಬಂದ ಅಂಕಿಯನ್ನು ಕೂಡಿಸುತ್ತಾರೆ. ಬಂದ ಮೊತ್ತವನ್ನು ಕಟ್ಟಡದ ಮಹತ್ವಕ್ಕೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಸರಿತ 1 ಮೀಟರ್, ಪಾಯದ ಆಳ 1.5 ಮೀಟರ್, ಓರೆ 60 ಡಿಗ್ರಿ, ಗುಣಕ 2 ಎಂದು ಹಿಡಿದರೆ ಅಂತರ ಸುಮಾರು 5.7 ಮೀಟರ್ ಆಗುತ್ತದೆ. ಎದುರು ಬದಿಯಲ್ಲಿ ಪಾಯದ ಆಳ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ 4 ಮೀಟರ್ ಸಾಕು. ಸ್ತರಭಂಗ ಓರೆಯಾಗಿ ಇಳಿಯುವ ಬದಿಯಲ್ಲಿ ಪಾಯ ಆಳವಾದಷ್ಟೂ ಅದು ಒಡಕಿಗೆ ಹತ್ತಿರವಾಗುತ್ತದೆ. ಎರಡು ಬದಿಗೆ ಎರಡು ಅಂತರ ಬರುವುದು ಈ ಕಾರಣದಿಂದ.

ಬೇರೆ ದೇಶಗಳ ನಿಯಮ

1971ರ ಫೆಬ್ರುವರಿ 9ರ ಸ್ಯಾನ್ ಫರ್ನಾಂಡೊ ಭೂಕಂಪದ ನಂತರ ಕ್ಯಾಲಿಫೋರ್ನಿಯಾ 1972ರಲ್ಲಿ ಆಲ್ಕ್ವಿಸ್ಟ್-ಪ್ರಿಯೋಲೊ ಕಾಯಿದೆ ತಂದಿತು. ಸಕ್ರಿಯ ಸ್ತರಭಂಗದಿಂದ 50 ಅಡಿಯೊಳಗಿನ ನೆಲದಡಿ ಅದರ ಕವಲುಗಳಿವೆ ಎಂದೇ ಭಾವಿಸಬೇಕು. ಇಲ್ಲವೆಂದು ತನಿಖೆಯಿಂದ ಸಾಬೀತಾಗದೆ ಜನವಾಸದ ಕಟ್ಟಡ ಕಟ್ಟುವಂತಿಲ್ಲ ಎಂಬುದು ಅದರ ತಿರುಳು. ಇಲ್ಲಿ ಸಾಬೀತು ಮಾಡುವ ಹೊಣೆ ಕಟ್ಟುವವನದು.

ನ್ಯೂಜಿಲೆಂಡಿನ ಮಾರ್ಗಸೂಚಿ ಒಡೆದ ವಲಯದ ಎರಡೂ ಬದಿಗೆ 20 ಮೀಟರ್ ಬಿಡಲು ಹೇಳುತ್ತದೆ. ಇದರ ಜೊತೆಗೆ ಸ್ತರಭಂಗ ಎಷ್ಟು ವರ್ಷಗಳಿಗೊಮ್ಮೆ ಸರಿಯುತ್ತದೆ ಎಂಬುದನ್ನೂ ಕಟ್ಟಡದ ಮಹತ್ವವನ್ನೂ ತಾಳೆ ಹಾಕುತ್ತದೆ. ದನದ ಕೊಟ್ಟಿಗೆಗೆ ಸಲ್ಲುವ ಜಾಗ ಆಸ್ಪತ್ರೆಗೆ ಸಲ್ಲದಿರಬಹುದು. ಚೀನಾದ ಸಂಹಿತೆಯಲ್ಲಿ ಕಂಪನದ ತೀವ್ರತೆ ಹಾಗೂ ಕಟ್ಟಡದ ವರ್ಗವನ್ನು ಅನುಸರಿಸಿ ಅಂತರ ನೂರಾರು ಮೀಟರಿಗೆ ಏರುತ್ತದೆ. ಒಂದೇ ಸಂಖ್ಯೆ ಎಲ್ಲೆಡೆ ಸಲ್ಲದು ಎಂಬುದಕ್ಕೆ ಈ ವ್ಯತ್ಯಾಸಗಳೇ ಸಾಕ್ಷಿ.

ಭಾರತದಲ್ಲಿ ಏನಿದೆ?

ನಮ್ಮ ದೇಶದಲ್ಲಿ ಸಾಮಾನ್ಯ ಮನೆಗಳಿಗೆ ಸ್ತರಭಂಗದಿಂದ ಇಂತಿಷ್ಟು ಮೀಟರ್ ಎಂದು ವಿಧಿಸುವ, ಕ್ಯಾಲಿಫೋರ್ನಿಯಾ ಮಾದರಿಯ ಕಾಯಿದೆ ಇಲ್ಲ. ಭಾರತೀಯ ಮಾನಕ ಸಂಸ್ಥೆಯ ಐಎಸ್ 1893 ಸಂಹಿತೆಯು ದೇಶವನ್ನು ಕಂಪನ ವಲಯಗಳಾಗಿ ವಿಂಗಡಿಸಿ, ಆಯಾ ವಲಯದ ಬಲಕ್ಕೆ ತಕ್ಕಂತೆ ಕಟ್ಟಡ ವಿನ್ಯಾಸ ಮಾಡಲು ಹೇಳುತ್ತದೆ. ಅದರ 2016ರ ಆವೃತ್ತಿಯು ತಿಳಿದಿರುವ ಸಕ್ರಿಯ ಸ್ತರಭಂಗದಿಂದ 10 ಕಿ.ಮೀ. ಒಳಗಿನ ಕಟ್ಟಡಗಳಿಗೆ ಸಮೀಪದ ಕಂಪನದ ವಿಶೇಷ ಪರಿಣಾಮವನ್ನು ಪರಿಗಣಿಸುವಂತೆ ಸೂಚಿಸಿತು. ಇದು ವಿನ್ಯಾಸದ ಸೂಚನೆಯೇ ಹೊರತು ಕಟ್ಟಡ ನಿಷೇಧವಲ್ಲ.

ಅಣು ವಿದ್ಯುತ್ ಸ್ಥಾವರಗಳ ವಿಷಯ ಬೇರೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ಸ್ಥಳ ಆಯ್ಕೆ ಸಂಹಿತೆಯಲ್ಲಿ, ಚಲಿಸಬಲ್ಲ ಸ್ತರಭಂಗದಿಂದ 5 ಕಿ.ಮೀ. ಅಂತರದ ಮಾನದಂಡವಿದೆ. ಸ್ಥಾವರ ಒಡೆದರೆ ಆಗುವ ಅನಾಹುತ ದೊಡ್ಡದು. ಆದುದರಿಂದ ಅಂತರವೂ ದೊಡ್ಡದು.

ಮಾಹಿತಿಗೆ ಮಾತ್ರ ಕೊರತೆಯಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 2000ದಲ್ಲಿ ದೇಶದ ಸ್ತರಭಂಗ ಹಾಗೂ ಭೂಕಂಪಗಳ ಅಟ್ಲಾಸ್ ಪ್ರಕಟಿಸಿತು. ಅದರ ‘ಭೂಕೋಶ್’ ಜಾಲತಾಣದಲ್ಲಿ ಭೂವೈಜ್ಞಾನಿಕ ನಕ್ಷೆಗಳು ದೊರೆಯುತ್ತವೆ. ಆದರೆ ಇವು ಪ್ರಾದೇಶಿಕ ನಕ್ಷೆಗಳು. ಒಂದು ನಿವೇಶನದ ಮೂಲೆಯಿಂದ ಗೆರೆ ಎಷ್ಟು ಅಡಿ ದೂರ ಎಂಬುದನ್ನು ಅವುಗಳ ಮೇಲೆ ಅಳೆಯಲಾಗದು.

ಕರ್ನಾಟಕದ ಸ್ಥಿತಿ

ಐಎಸ್ 1893ರ 2002 ಹಾಗೂ 2016ರ ಆವೃತ್ತಿಗಳಲ್ಲಿ ಬೆಂಗಳೂರು, ಮೈಸೂರು ಸೇರಿದಂತೆ ರಾಜ್ಯದ ಬಹುಭಾಗ ಎರಡನೆಯ ವಲಯದಲ್ಲಿತ್ತು. ಧಾರವಾಡ, ಕಾರವಾರ, ಮಂಗಳೂರುಗಳು ಮೂರನೆಯ ವಲಯದಲ್ಲಿದ್ದವು. ವಲಯದ ಗಡಿ ಹೊಲದ ಬದುವಿನಂತೆ ನಿಖರವಾದುದಲ್ಲ. ಗಡಿಗೆ ಸಮೀಪದ ತಾಲ್ಲೂಕುಗಳಲ್ಲಿ ಮೇಲಿನ ವಲಯದ ಲೆಕ್ಕ ಹಿಡಿಯುವುದೇ ಜಾಣತನ.

ರಾಜ್ಯದೊಳಗೆ 1843ರ ಏಪ್ರಿಲ್ 1ರಂದು ಬಳ್ಳಾರಿ ಭಾಗದಲ್ಲಿ ಭೂಕಂಪವಾದ ದಾಖಲೆಯಿದೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 4.1 ಪರಿಮಾಣದ ಕಂಪನ ದಾಖಲಾಯಿತು. 2022ರಲ್ಲಿ ಕೊಡಗು ಹಾಗೂ ಸುಳ್ಯ ಭಾಗದಲ್ಲಿಯೂ ಲಘು ಕಂಪನಗಳಾದವು.

ನೆರೆಯ ಮಹಾರಾಷ್ಟ್ರದ ಎರಡು ಭೂಕಂಪಗಳು ನಮಗೆ ಹೆಚ್ಚಿನ ಪಾಠ ಕಲಿಸುತ್ತವೆ. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದ ಕೇಂದ್ರ ನರಗುಂದದಿಂದ ನೇರ ದೂರದಲ್ಲಿ ಸುಮಾರು 250 ಕಿ.ಮೀ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದ ಕೇಂದ್ರ ಸುಮಾರು 280 ಕಿ.ಮೀ. ಕಿಲ್ಲಾರಿಯಲ್ಲಿ 6.2 ಪರಿಮಾಣದ ಕಂಪನಕ್ಕೆ ಹತ್ತು ಸಾವಿರದಷ್ಟು ಜನ ಬಲಿಯಾದರು. ಅಲ್ಲಿ ನೆಲ ಸೀಳಿ ಎದ್ದದ್ದು ಸುಮಾರು ಒಂದು ಕಿ.ಮೀ. ಉದ್ದದ, ಮೀಟರಿಗೂ ಕಡಿಮೆ ಎತ್ತರದ ದಿಬ್ಬ. ಆ ಗೆರೆಯ ಮೇಲೆ ಇದ್ದವರಿಗಿಂತ, ಅದರ ಸುತ್ತಲಿನ ಹಳ್ಳಿಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆ ಹಾಗೂ ಭಾರವಾದ ಮಾಳಿಗೆಯಡಿ ಮಲಗಿದ್ದವರು ಸತ್ತರು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 7.7 ಪರಿಮಾಣವಿದ್ದರೂ ಮುಖ್ಯ ಸ್ತರಭಂಗ ಮೇಲ್ಮೈಗೆ ಒಡೆದು ಬರಲೇ ಇಲ್ಲ. ಮೇಲೆ ಕಾಣದ ಗೆರೆಯಿಂದ ದೂರ ಅಳೆಯುವುದಾದರೂ ಹೇಗೆ?

ಆದುದರಿಂದ ಕರ್ನಾಟಕದ ಮನೆಗಳ ಮಟ್ಟಿಗೆ ಮೊದಲ ಆದ್ಯತೆ ಸಲ್ಲಬೇಕಾದದ್ದು ಗೋಡೆಗೆ. ನರಗುಂದ, ರೋಣ, ಗಜೇಂದ್ರಗಡ ಭಾಗದ ಮೇಲ್ಮುದ್ದೆ ಮನೆಗಳು ಬೇಸಿಗೆಗೆ ತಂಪು. ಆದರೆ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹರಡುತ್ತ ಹೋದಂತೆ ಭಾರ ಏರುತ್ತದೆ. ಹಳೆಯ ಪದರ ತೆಗೆದು ಹೊಸದನ್ನು ಹಾಕುವುದು, ಗೋಡೆಯ ಉದ್ದಕ್ಕೂ ಬಿಟ್ಟುಬಿಟ್ಟು ಎರಡೂ ಮುಖಗಳನ್ನು ಬೆಸೆಯುವ ಉದ್ದಗಲ್ಲು ಇಡುವುದು, ಬಾಗಿಲ ಮೇಲ್ಭಾಗದಲ್ಲಿ ಮನೆಯ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟುವುದು ಕಡಿಮೆ ಖರ್ಚಿನ ರಕ್ಷಣೆ. ಐಎಸ್ 4326 ಹಾಗೂ ಐಎಸ್ 13828 ಸಂಹಿತೆಗಳಲ್ಲಿ ಇವುಗಳ ವಿವರವಿದೆ.

ನರಗುಂದದಲ್ಲಿ ನಡೆದದ್ದೇನು?

ಬಾಬಾಸಾಹೇಬರ 1858ರ ಬಂಡಾಯಕ್ಕೂ 1980ರ ಜುಲೈ 21ರ ರೈತ ಬಂಡಾಯಕ್ಕೂ ಹೆಸರಾದ ಈ ಪಟ್ಟಣ ಎರೆಭೂಮಿಯ ನಡುವೆ ಗುಡ್ಡದ ಬುಡದಲ್ಲಿದೆ. ಜೋಳ ಬೆಳೆಯುವ ಈ ಸೀಮೆಯಲ್ಲಿ ಕಾಳನ್ನು ಹಗೇವಿನಲ್ಲಿ ಕೂಡಿಡುವುದು ಹಿಂದಿನ ರೂಢಿ. ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಒಳಗೆ ವಿಶಾಲ. ಹುಲ್ಲು ಹಾಸಿ ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಣ ನೆಲದಲ್ಲಿ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮನೆಯ ಅಂಗಳ, ಓಣಿ, ಪಡಸಾಲೆಯ ಅಡಿಯಲ್ಲೂ ಹಗೇವುಗಳಿದ್ದವು. ಕಾಲ ಬದಲಾದಂತೆ ಅವು ಬರಿದಾದವು, ಮರೆತುಹೋದವು. ಅವುಗಳ ಮೇಲೆ ಮನೆಗಳೆದ್ದವು.

ಈ ನಡುವೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭಾ ಅಣೆಕಟ್ಟು ಕಟ್ಟಿ, ಕಾಲುವೆಯ ನೀರು ಈ ಸೀಮೆಗೆ ಹರಿಯಿತು. ನೀರಾವರಿ ಬಂದಲ್ಲಿ ಅಂತರ್ಜಲ ಮೇಲೇರುವುದು ಸಹಜ. ಒಣ ನೆಲಕ್ಕೆಂದು ತೋಡಿದ ಹಗೇವಿನೊಳಗೆ ಜಿನುಗು ಸೇರಿದರೆ ಗೋಡೆಯ ಮಣ್ಣು ನೆನೆದು, ಕಳಚಿ ಬೀಳುತ್ತದೆ. ಮೇಲಿನ ನೆಲ ತೆಳ್ಳಗಾಗುತ್ತ ಹೋಗಿ ಒಂದು ಮಳೆಯ ರಾತ್ರಿ ಕುಸಿಯುತ್ತದೆ. ಇಲ್ಲಿ ಸ್ತರಭಂಗದ ಪಾತ್ರವಿಲ್ಲ. ಹಳೆಯ ಟೊಳ್ಳು ಮತ್ತು ಹೊಸ ನೀರು ಕೂಡಿದಾಗ ಆಗುವ ಅನಾಹುತವಿದು.

ಬಿರುಕನ್ನು ಗುರುತಿಸುವ ಬಗೆ

ಎರೆಮಣ್ಣಿನ ಬಿರುಕು: ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗೆ ಮುಚ್ಚಿಕೊಳ್ಳುತ್ತದೆ, ಹೊಲದ ತುಂಬ ಜಾಲದಂತೆ ಹರಡಿರುತ್ತದೆ. ಮನೆಯ ಗೋಡೆಯಲ್ಲಿ ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ ಏಳುತ್ತದೆ.

ಟೊಳ್ಳಿನ ಬಿರುಕು: ವೃತ್ತಾಕಾರವಾಗಿ ಅಥವಾ ಬಾಗಿದ ಕಮಾನಿನಂತೆ ಕಾಣುತ್ತದೆ. ಒಳಭಾಗದ ನೆಲ ತಟ್ಟೆಯಂತೆ ತಗ್ಗುತ್ತದೆ. ಕಾಲಿಂದ ಒದ್ದರೆ ಟೊಳ್ಳು ಸದ್ದು ಬರಬಹುದು. ಮಳೆಗಾಲದಲ್ಲಿ ಹಿಗ್ಗುತ್ತದೆ.

ಸ್ತರಭಂಗದ ಸೀಳು: ಭೂಕಂಪದ ಜೊತೆಗೇ ಕಾಣಿಸಿಕೊಳ್ಳುತ್ತದೆ. ಹೊಲ, ರಸ್ತೆ, ಗುಡ್ಡ ಯಾವುದನ್ನೂ ಲೆಕ್ಕಿಸದೆ ಒಂದೇ ದಿಕ್ಕಿಗೆ ನೂರಾರು ಮೀಟರ್, ಕಿ.ಮೀ.ಗಟ್ಟಲೆ ಸಾಗುತ್ತದೆ. ಎರಡು ಬದಿಗಳ ಮಟ್ಟ ಅಥವಾ ಸಾಲು ತಪ್ಪಿರುತ್ತದೆ.

ಹಗೇವಿನಿಂದ ಎಷ್ಟು ದೂರ?

ಸ್ತರಭಂಗಕ್ಕೆ ಬಳಸುವ ವಿಚಾರಕ್ರಮ ಇಲ್ಲಿಯೂ ನೆರವಾಗುತ್ತದೆ: ಮೊದಲು ಹುಡುಕು, ನಂತರ ಅಳೆ, ಕೊನೆಗೆ ಅನಿಶ್ಚಿತತೆಯನ್ನು ಕೂಡಿಸು. ಹಗೇವಿನ ತಳದ ಆಳ 4 ಮೀಟರ್, ಒಳಗಿನ ಅಗಲ 3 ಮೀಟರ್ ಎಂದುಕೊಳ್ಳೋಣ. ನೆನೆದ ಮಣ್ಣು 45 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ ಎಂದು ಹಿಡಿದರೆ, ಕುಸಿತವು ಹಗೇವಿನ ನಡುವಿನಿಂದ 5.5 ಮೀಟರ್‌ವರೆಗೆ ಹಬ್ಬಬಹುದು. ಗಡಿ ತಿಳಿಯದ ಕಾರಣಕ್ಕೆ ಇನ್ನೆರಡು ಮೀಟರ್ ಕೂಡಿಸಿದರೆ 7.5 ಮೀಟರ್. ಇದು ವಿಷಯ ತಿಳಿಯಲು ಕೊಟ್ಟ ಲೆಕ್ಕ ಮಾತ್ರ. ಮಣ್ಣು ಇನ್ನೂ ಸಡಿಲವಿದ್ದರೆ ಅಂತರ ಹೆಚ್ಚುತ್ತದೆ. ಅದನ್ನು ಮಣ್ಣು ಪರೀಕ್ಷೆ ಮಾಡಿದ ಎಂಜಿನಿಯರೇ ನಿಗದಿಪಡಿಸಬೇಕು.

ಮೂವತ್ತು-ನಲವತ್ತು ಅಡಿಯ ನಿವೇಶನ ಎಂದರೆ 9 ಮೀಟರ್ ಅಗಲ, 12 ಮೀಟರ್ ಉದ್ದ. ಅದರ ನಡುವೆ ಒಂದು ಹಗೇವಿದ್ದರೆ 7.5 ಮೀಟರ್ ದೂರ ಸರಿಯಲು ಜಾಗವೇ ಇಲ್ಲ. ಹಳೆಯ ಓಣಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಪಕ್ಕದವರ ಹಗೇವು ನಮ್ಮ ಗೋಡೆಯಡಿಗೂ ಚಾಚಿರಬಹುದು. ದೂರವೆಂಬ ಮದ್ದು ಇಲ್ಲಿ ಸೋಲುತ್ತದೆ. ಆದರೆ ಸ್ತರಭಂಗಕ್ಕೂ ಹಗೇವಿಗೂ ಒಂದು ಮುಖ್ಯ ವ್ಯತ್ಯಾಸವಿದೆ: ಸ್ತರಭಂಗವನ್ನು ಮುಚ್ಚಲಾಗದು, ಹಗೇವನ್ನು ಮುಚ್ಚಬಹುದು.

ಮುಚ್ಚುವುದಕ್ಕೂ ಕ್ರಮವಿದೆ. ಮೊದಲು ನೀರನ್ನು ಹೊರಹಾಕಿ, ಸಡಿಲ ಮಣ್ಣು ತೆಗೆದು, ಗರಸನ್ನು ತೆಳುವಾದ ಪದರಗಳಲ್ಲಿ ಹಾಕಿ ಪ್ರತಿ ಪದರವನ್ನೂ ಧಮ್ಮಸು ಮಾಡಬೇಕು. ಕಸಕಡ್ಡಿ, ಒಡೆದ ಇಟ್ಟಿಗೆ ಸುರಿದು ಮೇಲೆ ಫರಸಿ ಹಾಸಿದರೆ ಟೊಳ್ಳು ಉಳಿದೇ ಇರುತ್ತದೆ. ಬಹುಕಾಲ ಮುಚ್ಚಿದ್ದ ಹಗೇವಿನಲ್ಲಿ ಉಸಿರುಗಟ್ಟಿಸುವ ಗಾಳಿ ತುಂಬಿರುವುದರಿಂದ ಯಾರೂ ಏಕಾಏಕಿ ಒಳಗೆ ಇಳಿಯಬಾರದು. ಅಂತರ್ಜಲ ಇಳಿಸಲು ಬಸಿಗಾಲುವೆ ಇಲ್ಲದಿದ್ದರೆ ಒಂದು ಗುಂಡಿ ಮುಚ್ಚಿದರೂ ಇನ್ನೊಂದು ತೆರೆಯುತ್ತದೆ. ಇದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಓಣಿ ಓಣಿಯ ಹಗೇವುಗಳ ನಕ್ಷೆ ಸಿದ್ಧಪಡಿಸಿ, ಪಟ್ಟಣದ ಆಡಳಿತವೇ ಕೈಗೊಳ್ಳಬೇಕಾದ ಕಾರ್ಯ. ಭೂಮಿಯೊಳಗೆ ಅಲೆ ಕಳಿಸುವ ರೇಡಾರ್ ಹಾಗೂ ವಿದ್ಯುತ್ ರೋಧ ಪರೀಕ್ಷೆಗಳು ಟೊಳ್ಳು ಹುಡುಕಲು ನೆರವಾಗುತ್ತವೆ. ಆದರೆ ಒದ್ದೆ ಎರೆಮಣ್ಣಿನಲ್ಲಿ ರೇಡಾರ್ ಅಲೆ ಆಳಕ್ಕೆ ಇಳಿಯದು. ಹಗೇವು ಎಲ್ಲಿತ್ತೆಂದು ಬಲ್ಲ ಹಿರಿಯರ ನೆನಪು ಅಲ್ಲಿ ಯಂತ್ರಕ್ಕಿಂತ ಬೆಲೆಬಾಳುತ್ತದೆ. ಆ ಹಿರಿಯರು ಇರುವಾಗಲೇ ಅದನ್ನು ದಾಖಲಿಸಬೇಕು.

ಎರೆನೆಲದಲ್ಲಿ ಕಟ್ಟುವ ವಿದ್ಯೆಯೂ ಈ ಸೀಮೆಗೆ ಹೊಸದಲ್ಲ. ಮಲಪ್ರಭಾ ಬಲದಂಡೆ ಕಾಲುವೆ ಎರೆಭೂಮಿಯಲ್ಲಿ ಹಾಯುವಲ್ಲಿ ಉಬ್ಬುವ ಮಣ್ಣಿನ ತೊಂದರೆ ಎದುರಾದಾಗ, ಪ್ರೊ. ಆರ್.ಕೆ. ಕಟ್ಟಿ ಅವರು ಪ್ರತಿಪಾದಿಸಿದ, ಉಬ್ಬದ ಅಂಟುಮಣ್ಣಿನ ಪದರ ಹಾಸುವ ವಿಧಾನ ಬಳಕೆಗೆ ಬಂತು. ಮನೆಗಳಿಗೆ, ಕೆಳಭಾಗದಲ್ಲಿ ಗೆಡ್ಡೆಯಂತೆ ಅಗಲಿಸಿದ ಕಾಂಕ್ರೀಟ್ ಕಂಬಗಳ ಪಾಯ ಎರೆಮಣ್ಣಿಗೆ ಸೂಕ್ತವೆಂದು ಐಎಸ್ 2911 ಸಂಹಿತೆಯ ಮೂರನೆಯ ಭಾಗ ವಿವರಿಸುತ್ತದೆ.

ನಿವೇಶನ ಕೊಳ್ಳುವ ಮುನ್ನ

* ಊರಿನ ಹಿರಿಯರನ್ನು ವಿಚಾರಿಸಿ: ಅಲ್ಲಿ ಹಗೇವು, ಹಾಳುಬಾವಿ, ಕೆರೆಯಂಗಳ, ಕಲ್ಲುಗಣಿ ಇತ್ತೇ?
* ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರಿನ ಮಟ್ಟವನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ತಿಳಿದುಕೊಳ್ಳಿ.
* ಪಾಯದ ಆಳಕ್ಕಿಂತ ಕೆಳಗಿನವರೆಗೆ ಮಣ್ಣು ಪರೀಕ್ಷೆ ಮಾಡಿಸಿ. ಒಂದೇ ಮೂಲೆಯಲ್ಲಿ ಮಾಡಿ ಬಿಡಬೇಡಿ.
* ಆಸ್ಪತ್ರೆ, ಶಾಲೆ, ಬಹುಮಹಡಿ ಕಟ್ಟಡವಾದರೆ ಭೂವಿಜ್ಞಾನಿಯ ವರದಿ ಪಡೆಯಿರಿ. ಸಕ್ರಿಯ ಸ್ತರಭಂಗದ ಶಂಕೆಯಿದ್ದರೆ ಕಂದಕ ಪರೀಕ್ಷೆಯ ನಂತರವೇ ಅಂತರ ನಿಗದಿಯಾಗಲಿ.
* ಕಟ್ಟಡ ವಿನ್ಯಾಸದಲ್ಲಿ ಯಾವ ಕಂಪನ ವಲಯ ಹಿಡಿದಿದ್ದಾರೆ ಎಂದು ಎಂಜಿನಿಯರರನ್ನು ಕೇಳಿ, ಬರಹದಲ್ಲಿ ಪಡೆಯಿರಿ.
* ಬಚ್ಚಲು, ಶೌಚಾಲಯ, ನಲ್ಲಿಯ ನೀರು ಪಾಯದ ಬಳಿ ಇಂಗದಂತೆ ನೋಡಿಕೊಳ್ಳಿ.

ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಅದರ ಎರಡು ತುದಿಗೂ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆದಿಡಿ. ವಾರದಲ್ಲಿ ಗುರುತು ದಾಟಿ ಬೆಳೆದರೆ, ಅಥವಾ ನೆಲ ತಟ್ಟೆಯಂತೆ ತಗ್ಗಿದರೆ, ಆ ಕೋಣೆಯಲ್ಲಿ ಮಲಗಬೇಡಿ. ಪುರಸಭೆ ಹಾಗೂ ತಹಶೀಲ್ದಾರರ ಕಚೇರಿಗೆ ಲಿಖಿತವಾಗಿ ತಿಳಿಸಿ. ಪರಿಹಾರ ಕೇಳುವ ಹೊತ್ತಿಗೆ ಆ ದಿನಾಂಕಗಳೇ ಸಾಕ್ಷಿಯಾಗುತ್ತವೆ.